ಎಷ್ಟು ಕುದುರೆ ಸಾಕು?

ಕಾರಿನ ಜಾಹೀರಾತು ಕಂಡರೆ ಹುಡುಗರ ಕಣ್ಣು ಮೊದಲು ಹೋಗುವುದು ಅಶ್ವಶಕ್ತಿಯ ಅಂಕಿಯ ಕಡೆಗೆ. ಅಂಕಿ ದೊಡ್ಡದಾದಷ್ಟೂ ಕಾರು ಮೇಲು ಎಂಬುದು ಅವರ ಲೆಕ್ಕಾಚಾರ. ಅಮೆರಿಕದಲ್ಲಿ ಈ ಮೋಹ ಬಲು ಹಳೆಯದು. ಸಾಧಾರಣ ಗಾತ್ರದ ಕಾರಿನೊಳಗೆ ಭಾರಿ ವಿ-8 ಎಂಜಿನ್ ಕೂರಿಸಿ ಮಾರುವ ಪದ್ಧತಿ 1964ರಲ್ಲಿ ಪಾಂಟಿಯಾಕ್ ಜಿಟಿಒದಿಂದ ಜನಪ್ರಿಯವಾಯಿತು. ಇಂಥ ಕಾರುಗಳಿಗೆ ‘ಮಸಲ್ ಕಾರ್’ ಎಂಬ ಹೆಸರು ಬಿತ್ತು. ಕಟ್ಟುಮಸ್ತಾದ ಕಾರು ಎನ್ನೋಣ. 2015ರ ಮಾದರಿಯಾಗಿ ಬಂದ ಡಾಜ್ ಚಾಲೆಂಜರ್ ಹೆಲ್‌ಕ್ಯಾಟ್ ಇದೇ ವಂಶದ್ದು. 6.2 ಲೀಟರ್ ಎಂಜಿನ್, ಅದರ ಮೇಲೊಂದು ಸೂಪರ್‌ಚಾರ್ಜರ್, 707 ಅಶ್ವಶಕ್ತಿ. ಚಾಲೆಂಜರ್ ಕಾರಿನ ತಯಾರಿಕೆ 2023ರ ಕೊನೆಗೆ ನಿಂತಿತು. ಆದರೆ ತಯಾರಾದ ಕಾರುಗಳು ಅಲ್ಲಿ ಇನ್ನೂ ಓಡುತ್ತಿವೆ.

ಇಷ್ಟೂ ಸಾಲದೆಂದು ಗ್ಯಾರೇಜಿಗೆ ಹೋಗಿ 800, 900, ಕೆಲವೊಮ್ಮೆ 1,000 ಅಶ್ವಶಕ್ತಿ ಬೇಕೆನ್ನುವವರಿದ್ದಾರೆ. ಓದಲೋ ಕೆಲಸಕ್ಕೋ ಅಲ್ಲಿಗೆ ಹೋದ ನಮ್ಮ ಹುಡುಗರಿಗೂ ಮೊದಲ ಸಂಬಳ ಕೈಗೆ ಬಂದಾಗ ಈ ಆಸೆ ಹುಟ್ಟಬಹುದು. ಆಸೆ ತಪ್ಪಲ್ಲ. ಆದರೆ ಅಂಕಿಯನ್ನು ಮೊದಲು ಇಟ್ಟುಕೊಂಡು ಆಮೇಲೆ ಕಾರನ್ನು ಅದಕ್ಕೆ ಹೊಂದಿಸಲು ಹೊರಟರೆ ಹಣವೂ ಎಂಜಿನ್ನೂ ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ. ಎಷ್ಟು ಸಾಕು ಎಂಬುದನ್ನು ಪಿಯುಸಿ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಎಂಜಿನ್ ಎಂಬುದು ಮೂಲತಃ ಗಾಳಿ ಸೇದುವ ಪಂಪು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 6,000 ಸುತ್ತು ಎಂದರೆ ಸೆಕೆಂಡಿಗೆ 100 ಸುತ್ತು, ಅಂದರೆ 50 ಸಲ ಎಳೆತ. 6.2 ಲೀಟರಿನಂತೆ ಸೆಕೆಂಡಿಗೆ 310 ಲೀಟರ್ ಗಾಳಿ. ಲೀಟರಿಗೆ 1.2 ಗ್ರಾಮಿನಂತೆ ಅದರ ತೂಕ 372 ಗ್ರಾಂ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಹಾಗಾದರೆ ಸೆಕೆಂಡಿಗೆ ಉರಿಯುವ ಪೆಟ್ರೋಲ್ ಸುಮಾರು 25 ಗ್ರಾಂ. ಗ್ರಾಮಿಗೆ 44 ಕಿಲೋಜೂಲಿನಂತೆ 1,100 ಕಿಲೋಜೂಲ್ ಶಕ್ತಿ. ಇದರಲ್ಲಿ ಚಕ್ರ ತಿರುಗಿಸಲು ಒದಗುವುದು 30 ಪಾಲು ಎನ್ನಿ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. 330 ಕಿಲೋವಾಟ್ ಆಯಿತು. ಒಂದು ಅಶ್ವಶಕ್ತಿಗೆ 746 ವಾಟ್. ಭಾಗಿಸಿದರೆ ಸುಮಾರು 440 ಅಶ್ವಶಕ್ತಿ.

ಹೆಚ್ಚು ಬೇಕಾದರೆ ಹೆಚ್ಚು ಗಾಳಿ ತುರುಕಬೇಕು. ಆ ಕೆಲಸವೇ ಸೂಪರ್‌ಚಾರ್ಜರಿನದು. ಎಂಜಿನ್ ಒಂದು ಸುತ್ತು ತಿರುಗಿದರೆ ಬೆಲ್ಟಿನ ಮೂಲಕ ಹೆಲ್‌ಕ್ಯಾಟಿನ ಸೂಪರ್‌ಚಾರ್ಜರ್ 2.36 ಸುತ್ತು ತಿರುಗುತ್ತದೆ. ವಾತಾವರಣದ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡ್, ಅದರ ಮೇಲೆ ಇದು 11.6 ಪೌಂಡ್ ಸೇರಿಸುತ್ತದೆ. ಒತ್ತಡ ಸುಮಾರು 1.8 ಪಟ್ಟಾಯಿತು. ಹಾಗಾದರೆ ಬಲವೂ 1.8 ಪಟ್ಟಾಯಿತೆ? ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವೆಲ್ಲ ಬಲ್ಲಿರಿ. 27 ಡಿಗ್ರಿಯ ಗಾಳಿಯನ್ನು ಇಷ್ಟು ಒತ್ತಿದರೆ ಅತ್ಯುತ್ತಮ ಯಂತ್ರದಲ್ಲೂ ಅದು 80 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ಹಗುರ. ಇಂಟರ್‌ಕೂಲರ್ ಎಂಬ ನೀರಿನ ತಂಪುಗಾರನಿಂದ ತಣಿಸಿದ ಮೇಲೆ ಸಾಂದ್ರತೆ 1.6 ಪಟ್ಟು ಆದೀತು. 440 ಗುಣಿಲೆ 1.6 ಎಂದರೆ 704. ನಮ್ಮದು ಒರಟು ಲೆಕ್ಕವೇ ಆದರೂ ಕಂಪೆನಿಯ 707ಕ್ಕೆ ಎಷ್ಟು ಹತ್ತಿರ ಬಂತು ನೋಡಿ! ಈ ಸೂಪರ್‌ಚಾರ್ಜರನ್ನು ತಿರುಗಿಸಲೆಂದೇ ಪೂರ್ಣ ವೇಗದಲ್ಲಿ ಸುಮಾರು 80 ಅಶ್ವಶಕ್ತಿ ಖರ್ಚಾಗುತ್ತದೆ ಎಂಬುದೂ ನೆನಪಿರಲಿ.

ಗ್ಯಾರೇಜಿನವರ ಸುಲಭೋಪಾಯ ಎಂದರೆ ಸೂಪರ್‌ಚಾರ್ಜರಿಗೆ ಇನ್ನೂ ಚಿಕ್ಕ ಪುಲ್ಲಿ ಹಾಕುವುದು. ಅದು ಇನ್ನಷ್ಟು ವೇಗವಾಗಿ ತಿರುಗುತ್ತದೆ, ಒತ್ತಡ ಏರುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. ಬಿಸಿ ಮಿತಿ ಮೀರಿದರೆ ಕಿಡಿಯ ಜ್ವಾಲೆ ತಲುಪುವ ಮೊದಲೇ ಮಿಶ್ರಣದ ಒಂದು ಭಾಗ ತಾನಾಗಿ ಸಿಡಿಯುತ್ತದೆ. ಇದೇ ‘ನಾಕಿಂಗ್’. ಪಿಸ್ಟನ್ನಿಗೆ ಸುತ್ತಿಗೆಯಲ್ಲಿ ಹೊಡೆದಂತೆ. ಇದನ್ನು ತಡೆಯಲು ಹೆಲ್‌ಕ್ಯಾಟಿನ ಸಂಪೀಡನ ಅನುಪಾತವನ್ನು 9.5ಕ್ಕೆ ಇಳಿಸಿದ್ದಾರೆ. ಸೂಪರ್‌ಚಾರ್ಜರ್ ಇಲ್ಲದ 2018ರ ಫೋರ್ಡ್ ಮಸ್ಟಾಂಗ್ ಜಿಟಿಯಲ್ಲಿ ಅದು 12. ಅಂಥ ಎಂಜಿನ್ನಿಗೆ ಹೊರಗಿನಿಂದ ಸೂಪರ್‌ಚಾರ್ಜರ್ ತಂದು ಹಾಕಿ ಹೆಲ್‌ಕ್ಯಾಟಿನಷ್ಟೇ ಒತ್ತಡ ಕೊಡುತ್ತೇನೆನ್ನುವವನು ನಾಕಿಂಗಿಗೆ ಬಾಗಿಲು ತೆರೆದಂತೆಯೇ.

ನಾಕಿಂಗ್ ತಡೆಯುವ ಇನ್ನೊಂದು ದಾರಿ ಇಂಧನ. 2018ರ ಚಾಲೆಂಜರ್ ಡೀಮನ್ ಬಂಕಿನ ಪ್ರೀಮಿಯಂ ಪೆಟ್ರೋಲಿನಲ್ಲಿ 808, 100 ಆಕ್ಟೇನಿನ ರೇಸ್ ಪೆಟ್ರೋಲಿನಲ್ಲಿ 840 ಅಶ್ವಶಕ್ತಿ ಕೊಡುತ್ತಿತ್ತು. 2023ರ ಡೀಮನ್ 170 ಸಾಮಾನ್ಯ ಪ್ರೀಮಿಯಂನಲ್ಲಿ 900. ಎಥೆನಾಲ್ ಹೆಚ್ಚಿರುವ ಇ-85ರಲ್ಲಿ 1,025. ಕಾರು ಅದೇ, ಬದಲಾದದ್ದು ಟ್ಯಾಂಕಿನಲ್ಲಿರುವುದು ಮಾತ್ರ. ಆದರೆ ಅಷ್ಟೇ ಗಾಳಿಗೆ ಇ-85 ಪೆಟ್ರೋಲಿಗಿಂತ ಸುಮಾರು ಒಂದೂವರೆ ಪಟ್ಟು ಬೇಕಾಗುವುದರಿಂದ ಇಂಧನದ ಪಂಪು, ಇಂಜೆಕ್ಟರ್ ಎರಡೂ ದೊಡ್ಡವಿರಬೇಕು. ದಿನನಿತ್ಯ ಓಡಾಡುವ ದಾರಿಯ ಬಂಕಿನಲ್ಲಿ ಸಿಗದ ಇಂಧನವನ್ನು ನಂಬಿ ಗುರಿ ಇಟ್ಟುಕೊಳ್ಳುವುದು ಜಾಣತನವಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯ ಸಂಗತಿ, ಟೈರು. ಎಂಜಿನ್ ಎಷ್ಟೇ ಬಲ ಕೊಡಲಿ, ಅದನ್ನು ನೆಲಕ್ಕೆ ದಾಟಿಸುವುದು ಅಂಗೈ ಅಗಲದ ಎರಡು ರಬ್ಬರ್ ತುಂಡುಗಳು. ಕಾರಿನ ತೂಕ ಸುಮಾರು 2,000 ಕಿಲೋ. ಮುನ್ನುಗ್ಗುವಾಗ ಅರ್ಧ ಭಾರ ಹಿಂದಿನ ಚಕ್ರಗಳ ಮೇಲಿದೆ ಎನ್ನಿ. ಒಳ್ಳೆಯ ಟೈರಿಗೆ ಘರ್ಷಣಾಂಕ 1 ಎಂದುಕೊಂಡರೆ ನೂಕುಬಲದ ಗರಿಷ್ಠ ಮಿತಿ 9,800 ನ್ಯೂಟನ್. ಸಾಮರ್ಥ್ಯ ಎಂದರೆ ಬಲ ಗುಣಿಲೆ ವೇಗ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಆಗ ಟೈರು ಹೊರಬಲ್ಲದ್ದು 98 ಕಿಲೋವಾಟ್, ಕೇವಲ 131 ಅಶ್ವಶಕ್ತಿ! 72 ಕಿಲೋಮೀಟರಿನಲ್ಲಿ 263. 108ರಲ್ಲಿ 394. ಅದಕ್ಕಿಂತ ಹೆಚ್ಚು ಕೊಟ್ಟರೆ ಚಕ್ರ ನಿಂತಲ್ಲೇ ಗಿರಗಿರನೆ ಸುತ್ತಿ ಹೊಗೆ ಏಳುತ್ತದೆ, ಕಾರು ಅಡ್ಡ ತಿರುಗುತ್ತದೆ.

ಗೇರು, ಅಚ್ಚುಗಳಲ್ಲಿ ಸುಮಾರು 15 ಪಾಲು ಸೋರಿ, 707ರಲ್ಲಿ ಚಕ್ರಕ್ಕೆ ತಲುಪುವುದು 600. ಅಷ್ಟನ್ನೂ ಈ ಟೈರು ನೆಲಕ್ಕೆ ಇಳಿಸಬೇಕಾದರೆ ವೇಗ ಗಂಟೆಗೆ 164 ಕಿಲೋಮೀಟರ್ ದಾಟಬೇಕು. ಅಮೆರಿಕದ ಬಹುತೇಕ ಹೆದ್ದಾರಿಗಳ ಮಿತಿ 70 ಮೈಲಿಯ ಆಸುಪಾಸು, ಅಂದರೆ 112 ಕಿಲೋಮೀಟರ್. ಹೀಗಾಗಿ ಕಾನೂನಿಗೆ ಒಳಪಟ್ಟ ರಸ್ತೆಯಲ್ಲಿ ಕಂಪೆನಿ ಕೊಟ್ಟ ಬಲವೇ ಪೂರ್ತಿ ಬಳಕೆಗೆ ಬಾರದು. ಅದರ ಮೇಲೆ ಇನ್ನೂ 200 ಸೇರಿಸಿದರೆ ಸಿಗುವುದೇನು?

ಆದ್ದರಿಂದ ಯೋಜನೆಯನ್ನು ನೆಲದಿಂದ ಮೇಲಕ್ಕೆ ಹಾಕಬೇಕು. ಕಾರು ಯಾವುದಕ್ಕೆ, ದಿನದ ಓಡಾಟಕ್ಕೋ, 402 ಮೀಟರಿನ ಡ್ರ್ಯಾಗ್ ಪಂದ್ಯಕ್ಕೋ? ಓಡಾಟಕ್ಕಾದರೆ ಮೊದಲ ಖರ್ಚು ಒಳ್ಳೆಯ ಟೈರು ಮತ್ತು ಬ್ರೇಕಿಗೆ. ಪುಲ್ಲಿ ಬದಲಿಸುವ ಅಗತ್ಯವೇ ಇಲ್ಲ. ಪಂದ್ಯಕ್ಕಾದರೆ ಅದಕ್ಕೆಂದೇ ಮಾಡಿದ ಅಂಟುವ ಟೈರು, ಆಮೇಲೆ ತಂಪು, ಆಮೇಲೆ ಇಂಧನ, ಕಟ್ಟಕಡೆಗೆ ಒತ್ತಡ. ಇಂಜೆಕ್ಟರುಗಳ ಶಕ್ತಿಯನ್ನು 85 ಪಾಲಿಗಿಂತ ಹೆಚ್ಚು ಬಳಸದೆ ಉಳಿಸಿಕೊಳ್ಳುವುದು ಬಲ್ಲವರ ರೂಢಿ. ಮಾರ್ಪಾಡಿನಿಂದ ಎಂಜಿನ್ ಕೆಟ್ಟರೆ ವಾರಂಟಿ ಸಿಗದು ಎಂಬುದನ್ನೂ ಬಜೆಟ್ಟಿಗೆ ಸೇರಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಕಾರು ಕಂಡವರಲ್ಲ. ಆದರೂ ಮಾತು ಇಲ್ಲಿಗೆ ಒಪ್ಪುತ್ತದೆ.

ಹೆಲ್‌ಕ್ಯಾಟನ್ನು ಮಾಡಿದವರಿಗೂ ಇದು ಗೊತ್ತಿತ್ತು. 2015ರ ಕಾರಿನೊಂದಿಗೆ ಅವರು ಎರಡು ಕೀಲಿ ಕೊಟ್ಟರು. ಕೆಂಪು ಕೀಲಿಯಿಂದ 707. ಕಪ್ಪು ಕೀಲಿಯಿಂದ 500 ಮಾತ್ರ. ಪೋಷಕರು ಗಮನಿಸಬೇಕಾದ ವಿವರ ಇದು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಚಕ್ರಕ್ಕೆ 85 ಅಶ್ವಶಕ್ತಿ ತಲುಪುವ ಸಣ್ಣ ಕಾರು, ಎಳೆಯುವ ಚಕ್ರಗಳ ಮೇಲೆ 500 ಕಿಲೋ ಭಾರ, ಘರ್ಷಣಾಂಕ 0.8. ಪೂರ್ಣ ಬಲ ಯಾವ ವೇಗದಿಂದ ಬಳಕೆಗೆ ಬರುತ್ತದೆ? ಗಂಟೆಗೆ ಸುಮಾರು 58 ಕಿಲೋಮೀಟರ್ ಬಂದರೆ ನಿಮ್ಮ ಉತ್ತರ ಸರಿ. ದಿನವೂ ಮುಟ್ಟುವ ವೇಗದಲ್ಲಿ ಪೂರ್ಣ ಬಲ ಉಪಯೋಗಕ್ಕೆ ಬರುವ ಕಾರು ಯಾವುದು ಎಂಬುದನ್ನು ಈಗ ನೀವೇ ಹೇಳಿ.