ಇಂಧನದ ಮಿತವ್ಯಯ: ಅಧಿಕಾರಿಗಳು ಮೇಲ್ಪಂಕ್ತಿ ಹಾಕಲಿ

ಲಚ್ಯಾಣದ ರೈತನು ಬೆಳೆದ ನಿಂಬೆಹಣ್ಣು ದೂರದ ಪೇಟೆಯನ್ನು ಮುಟ್ಟಬೇಕಾದರೆ ಮೊದಲು ಡೀಸೆಲ್ಲಿನ ಬೆಲೆಯನ್ನು ತೆರಬೇಕು. ಪೇಟೆಯಲ್ಲಿ ನಿಂಬೆಯ ದರ ಬಿದ್ದರೂ ಗಾಡಿಯ ಬಾಡಿಗೆ ಇಳಿಯುವದಿಲ್ಲ. ನಮ್ಮ ರಾಜ್ಯ ಸರಕಾರವು 2024ರ ಜೂನ್ ತಿಂಗಳಲ್ಲಿಯೂ 2025ರ ಏಪ್ರಿಲ್ ತಿಂಗಳಲ್ಲಿಯೂ ಡೀಸೆಲ್ಲಿನ ಮಾರಾಟ ತೆರಿಗೆಯನ್ನು ಏರಿಸಿದಾಗ ಆ ಭಾರದ ಪಾಲು ಇಂಥ ರೈತನ ಮೇಲೆಯೇ ಬಂದಿತು. ಅದೇ ಎಣ್ಣೆಯನ್ನು ಕಚೇರಿಗಳ ಮುಂದೆ ನಿಂತ ಕಾರುಗಳು, ಒಳಗೆ ತಂಪಿರಲೆಂಬ ಒಂದೇ ಕಾರಣಕ್ಕೆ, ಒಂದು ಹೆಜ್ಜೆಯನ್ನೂ ಇಡದೆ ಉರಿಸುತ್ತಿರುತ್ತವೆ. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಬೇಕೆಂದು ವಾಚಕರನ್ನು, ವಿಶೇಷವಾಗಿ ಅಧಿಕಾರಿವರ್ಗವನ್ನು, ಬಿನ್ನವಿಸುತ್ತೇವೆ.

ದೇಶವು ಬಳಸುವ ಕಚ್ಚಾ ಎಣ್ಣೆಯಲ್ಲಿ ಶೇಕಡಾ 85ಕ್ಕೂ ಹೆಚ್ಚಿನ ಭಾಗ ಪರದೇಶದಿಂದ ಬರತಕ್ಕದ್ದು. 1973ರಲ್ಲಿ ಅರಬ ರಾಷ್ಟ್ರಗಳು ಕೈ ಬಿಗಿಹಿಡಿದಾಗಲೂ 2022ರಲ್ಲಿ ಯುಕ್ರೇನಿನ ಯುದ್ಧವು ಹೊತ್ತಿದಾಗಲೂ ಎಣ್ಣೆಯ ಬೆಲೆ ಗಗನಕ್ಕೇರಿತು. ದೂರದ ಗಲಭೆಯು ಭೀಮಾತೀರದ ಬಾಡಿಗೆಯನ್ನು ನಿರ್ಣಯಿಸುವದೆಂದರೆ ಇದೊಂದು ಪರಾಧೀನತೆಯೇ ಸರಿ. ನಮ್ಮ ಕಬ್ಬಿನಿಂದ ಎಥೆನಾಲ್ ಆಗುತ್ತಿದೆಯಲ್ಲಾ ಎಂದು ಕೆಲವರು ಅನ್ನಬಹುದು. ಅದು ಸಂತೋಷದ ಮಾತೇ. ಆದರೆ ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನಲ್ಲಿರುವ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ; ಕಬ್ಬು ಬೇಡುವ ನೀರೂ ಸ್ವಲ್ಪದ್ದಲ್ಲ. ಮಿತವ್ಯಯಕ್ಕೆ ಅದು ಬದಲಿಯಾಗಲಾರದು.

ಎರಡನೆಯ ಮಹಾಯುದ್ಧದ ಕಾಲಕ್ಕೆ, 1941ರಲ್ಲಿ, ಪೆಟ್ರೋಲಿಗೆ ಪಡಿತರ ಬಂದಿತು. ಇದ್ದಿಲ ಅನಿಲದಿಂದ ಮೋಟಾರುಗಳನ್ನು ಓಡಿಸಬೇಕಾಯಿತು. ಆಗ ಮಿತವ್ಯಯವನ್ನು ಕಲಿಸಿದ್ದು ಪಡಿತರದ ಕೂಪನ್ನು. ಇಂದು ಕೂಪನ್ನಿಲ್ಲ, ದುಡ್ಡಿದ್ದವನಿಗೆ ಬೇಕಾದಷ್ಟು ಎಣ್ಣೆ. ಆದುದರಿಂದ ಈಗ ಕೆಲಸ ಮಾಡಬೇಕಾದದ್ದು ವಿವೇಕ.

ಈ ವಿವೇಕವು ಕಠಿಣವಾದದ್ದೇನೂ ಅಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿಲೋಮೀಟರು. ತಾಸಿಗೆ 100ರ ವೇಗವನ್ನು ಬಿಟ್ಟು 80ರಲ್ಲಿ ಹೋದರೆ ಹೆಚ್ಚು ತಗಲುವದು ಕೇವಲ 15 ನಿಮಿಷ. ಗಾಳಿಯ ತಡೆಯು ವೇಗದ ವರ್ಗಕ್ಕನುಸಾರವಾಗಿ ಬೆಳೆಯುವದರಿಂದ ಅಷ್ಟರಲ್ಲೇ ಆ ತಡೆಯು ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣ ಸಂಶೋಧನ ಸಂಘವು 45ರಿಂದ 55ರ ವೇಗವೇ ಅತಿ ಮಿತವ್ಯಯದ್ದೆಂದು ಹೇಳುತ್ತ ಬಂದಿದೆ. ಟಾಯರಿನ ಹವಾ ಕಡಿಮೆಯಾದರೆ ಗಾಡಿ ಭಾರವಾಗಿ ಉರುಳುತ್ತದೆ. ಒಮ್ಮೆಲೇ ಎಕ್ಸಲರೇಟರ್ ಒತ್ತಿ ಮರುಗಳಿಗೆಗೆ ಬ್ರೇಕು ಹಾಕುವವನು ಎಣ್ಣೆಯನ್ನು ಕೊಂಡು ಬಿಸಿಯಾಗಿ ಚೆಲ್ಲುತ್ತಾನೆ. ನಿಂತ ಸಣ್ಣ ಕಾರಿನ ಎಂಜಿನ್ನೂ ತಾಸಿಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ. ರೈಲ್ವೆ ಗೇಟು ಬಿದ್ದಾಗ ಅದನ್ನು ಆರಿಸುವದೇ ಲಾಭ. ಇಳಿಜಾರಿನಲ್ಲಿ ಮಾತ್ರ ಎಂಜಿನ್ ಆರಿಸಿ ಗಾಡಿ ಬಿಡುವ ಚಟ ಪ್ರಾಣಾಪಾಯಕರ. ಬ್ರೇಕಿನ ಬಲ ಕುಗ್ಗುತ್ತದೆ. ಈಗಿನ ಗಾಡಿಗಳು ಗೇರಿನಲ್ಲಿಯೇ ಇಳಿಯುವಾಗ ಎಣ್ಣೆಯನ್ನು ತಾವೇ ನಿಲ್ಲಿಸಿಕೊಳ್ಳುತ್ತವೆ.

ಕಚೇರಿಯ ಮುಂದೆ ಎಂಜಿನ್ ಉರಿಯುವದಕ್ಕೆ ಡ್ರೈವರನನ್ನು ದೂರುವದು ನ್ಯಾಯವಲ್ಲ. ಸಾಹೇಬರು ಬಂದಾಗ ಕಾರು ತಂಪಾಗಿರದಿದ್ದರೆ ಬೈಗಳು ಅವನಿಗೇ. ನಮ್ಮ ಜಿಲ್ಲೆಯ ಬಿಸಿಲು ಉಗ್ರವೆಂಬದನ್ನು ನಾವು ಬಲ್ಲೆವು. ಬೇವಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸುವದಕ್ಕೆ ಯಾವ ಮಂಜೂರಾತಿಯೂ ಬೇಕಿಲ್ಲ. ಸರಕಾರಿ ಗಾಡಿಗಳಿಗೆ ಲಾಗ್‌ಬುಕ್ಕು ಇದ್ದೇ ಇದೆ. ಯಾವ ಗಾಡಿ ಲೀಟರಿಗೆ ಎಷ್ಟು ಓಡಿತೆಂಬದನ್ನು ತಿಂಗಳಿಗೊಮ್ಮೆ ಕಚೇರಿಯ ಫಲಕದ ಮೇಲೆ ಬರೆದು ಹಚ್ಚಬೇಕೆಂಬದು ನಮ್ಮ ಸ್ಪಷ್ಟ ಸೂಚನೆ. ಒಂದೇ ದಿಕ್ಕಿನ ಹಳ್ಳಿಗಳಿಗೆ ಇಬ್ಬರು ಅಧಿಕಾರಿಗಳು ಒಂದೇ ಗಾಡಿಯಲ್ಲಿ ಹೋದರೆ ಯಾರ ಪದವಿಗೂ ಕುಂದು ಬರಲಾರದು. ಲಚ್ಯಾಣಕ್ಕೆ ರೈಲು ನಿಲ್ದಾಣವೂ ಇದೆ. ಒಬ್ಬನೇ ಒಬ್ಬನಿಗಾಗಿ ಕಾರು ತೆಗೆಯುವ ಪಟ್ಟಣಿಗರು ಅದನ್ನು ನೆನೆಯಬೇಕು.

ಹೀಗೆ ಉಳಿದ ಎಣ್ಣೆಯಿಂದ ನಾಳೆಯೇ ನಿಂಬೆಯ ಬಾಡಿಗೆ ಇಳಿಯುವದೆಂದು ನಾವು ಹೇಳುವದಿಲ್ಲ. ಆದರೆ ತೆರಿಗೆಯನ್ನು ಕೊಡುವವನು ಬೆವರುತ್ತಿರುವಾಗ ಅದೇ ತೆರಿಗೆಯ ದುಡ್ಡಿನ ಎಣ್ಣೆ ನಿಂತ ಗಾಡಿಯಲ್ಲಿ ಉರಿಯಬಾರದು. ಆ ಎಂಜಿನ್ನನ್ನು ಆರಿಸುವ ಅಧಿಕಾರ ಒಳಗೆ ಕುಳಿತವರ ಕೈಯಲ್ಲಿಯೇ ಇದೆ.