ರಜೆ ಹಾಕದ ಯಜಮಾನರು

ನಮ್ಮ ಜಿಲ್ಲೆಯನ್ನು ಬ್ಯಾಂಕುಗಳ ತವರೂರು ಎಂದು ಕರೆಯುವುದು ವಾಡಿಕೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಹಾಗೂ ಡಾ. ಟಿ.ಎಂ.ಎ. ಪೈ ಅವರು ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದೊಂದಿಗೆ ಕಟ್ಟಿದ ಸಂಸ್ಥೆಯು ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾಯಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಉಳಿತಾಯ ಸಂಗ್ರಹಿಸುವ ಪಿಗ್ಮಿ ಯೋಜನೆಯು 1928ರಲ್ಲಿ ಇಲ್ಲಿಂದಲೇ ಹೊರಟಿತು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಫಲಕಗಳು ಬದಲಾದವು, ಆದರೆ ಅವುಗಳಲ್ಲಿ ಮೂವತ್ತು, ಮೂವತ್ತೈದು ವರ್ಷ ದುಡಿದು ಊರಿಗೆ ಮರಳಿದ ನಿವೃತ್ತರು ಕಾಪುವಿನಿಂದ ಕಾರ್ಕಳದವರೆಗೆ ಪ್ರತಿಯೊಂದು ಗ್ರಾಮದಲ್ಲಿಯೂ ಇದ್ದಾರೆ.

ವರ್ತಕರು ಈ ನಿವೃತ್ತರನ್ನು ಸಾಮಾನ್ಯವಾಗಿ ಎರಡು ಕಾರಣಗಳಿಗೆ ನೆನೆಯುತ್ತಾರೆ. ಸಾಲದ ಅರ್ಜಿ ತುಂಬಿಸಲು ಸಲಹೆ ಬೇಕಾದಾಗ ಒಮ್ಮೆ, ಕೈಗಡ ಬೇಕಾದಾಗ ಇನ್ನೊಮ್ಮೆ. ಅವರಿಂದ ಕಲಿಯಬೇಕಾದುದು ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ. ಕಾಲಕ್ಕೆ ಸರಿಯಾಗಿ ರಜೆ ಹಾಕುವುದು ಹಾಗೂ ಕಚೇರಿಯ ಹಣವನ್ನು ಮನೆಯ ಹಣದೊಂದಿಗೆ ಬೆರೆಸದಿರುವುದು, ಇವೆರಡನ್ನು ಬ್ಯಾಂಕು ಅವರಿಗೆ ಒತ್ತಾಯದಿಂದ ಕಲಿಸಿತು. ನಮ್ಮ ಅಂಗಡಿಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ಅಂತಹ ಒತ್ತಾಯ ಮಾಡುವವರು ಯಾರೂ ಇಲ್ಲ.

ರಜೆಯ ವಿಷಯವನ್ನೇ ಮೊದಲು ನೋಡೋಣ. ಸಂಬಳದಾರರಿಗೆ ದೇಶದೊಳಗಿನ ಪ್ರವಾಸದ ಪ್ರಯಾಣ ದರವನ್ನು ಮಾಲಿಕರು ಭರಿಸುವ ಪದ್ಧತಿ ಬಹಳ ಹಳೆಯದು. ಆದಾಯ ತೆರಿಗೆಯ ಭಾಷೆಯಲ್ಲಿ ಅದು ಎಲ್.ಟಿ.ಸಿ., ಬ್ಯಾಂಕಿನವರ ಬಾಯಲ್ಲಿ ಎಲ್.ಎಫ್.ಸಿ. ನಾಲ್ಕು ಕ್ಯಾಲೆಂಡರ್ ವರ್ಷಗಳ ಒಂದು ಬ್ಲಾಕಿನಲ್ಲಿ ಎರಡು ಪ್ರಯಾಣಗಳಿಗೆ 1961ರ ಕಾಯ್ದೆಯು ವಿನಾಯಿತಿ ನೀಡಿತು. ವಿನಾಯಿತಿ ಪ್ರಯಾಣ ದರಕ್ಕೆ ಮಾತ್ರ, ಊಟ ವಸತಿಗಳಿಗೆ ಇಲ್ಲ. ಅದೂ ಅತಿ ಸಮೀಪದ ಮಾರ್ಗದ ದರಕ್ಕೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಅದೂ ಇಲ್ಲ.

ಈ ಸೌಲಭ್ಯದ ದುರುಪಯೋಗವೂ ನಡೆದಿದೆ. ಸ್ಟೇಟ್ ಬ್ಯಾಂಕಿನ ಕೆಲವು ನೌಕರರು ಭಾರತದ ಒಂದು ಊರಿನಿಂದ ಇನ್ನೊಂದು ಊರಿಗೆ ವಿದೇಶದ ಮೂಲಕ ಪ್ರಯಾಣಿಸಿದ್ದರು. ಮಧುರೈಯಿಂದ ಹೊರಟು ಕೊಲಂಬೊ, ಕೌಲಾಲಂಪುರ, ಸಿಂಗಾಪುರಗಳನ್ನು ಸುತ್ತಿ ದೆಹಲಿ ಸೇರಿದ ಉದಾಹರಣೆ ಆ ದಾಖಲೆಯಲ್ಲಿದೆ. ಗಮ್ಯಸ್ಥಾನ ಭಾರತದಲ್ಲೇ ಇರುವುದರಿಂದ ವಿನಾಯಿತಿ ಸಲ್ಲುತ್ತದೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2022ರ ನವೆಂಬರ್ 4ರ ತೀರ್ಪಿನಲ್ಲಿ ತಳ್ಳಿಹಾಕಿ, ಮೂಲದಲ್ಲಿ ತೆರಿಗೆ ಕಡಿತ ಮಾಡದಿದ್ದುದು ಬ್ಯಾಂಕಿನ ಲೋಪವೆಂದು ಹೇಳಿತು. ನೌಕರರಿಗೆ ಪ್ರವಾಸ ಭತ್ಯೆ ನೀಡುವ ನಮ್ಮ ಉದ್ದಿಮೆದಾರರೂ ಈ ತೀರ್ಪನ್ನು ಗಮನದಲ್ಲಿಡಬೇಕು. ಟಿಕೆಟು ನೌಕರನದಾದರೂ ತೆರಿಗೆ ಕಡಿತದ ಹೊಣೆ ಮಾಲಿಕನದು.

ದುರುಪಯೋಗವಿದ್ದರೂ ಈ ಸೌಲಭ್ಯದಿಂದ ಒಂದು ದೊಡ್ಡ ಉಪಕಾರವಾಗಿದೆ. ಕರಾವಳಿಯ ಸಾಮಾನ್ಯ ಕುಟುಂಬಗಳು ಕಾಶಿ, ಅಮೃತಸರ, ಶಿಲ್ಲಾಂಗ್‌ಗಳನ್ನು ಕಂಡುದು ಇದರ ದೆಸೆಯಿಂದ. ಪ್ರಧಾನಿಯವರು 2019ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ದೇಶದೊಳಗಿನ 15 ತಾಣಗಳನ್ನಾದರೂ ನೋಡಿರೆಂದು ಕರೆ ನೀಡುವುದಕ್ಕೆ ಬಹಳ ಮೊದಲೇ ನಮ್ಮ ಬ್ಯಾಂಕ್ ಗುಮಾಸ್ತರು ಆ ಸಂಖ್ಯೆಯನ್ನು ದಾಟಿದ್ದರು.

ಹೂಡೆಯಲ್ಲಿ ನನ್ನ ಕಕ್ಷಿದಾರರೊಬ್ಬರಿದ್ದಾರೆ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ 34 ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸುವರ್ಣಾ ಹೊಳೆಯಿರುವ ಆ ಕಿರಿದಾದ ನೆಲದ ಮೇಲೆ ಅವರ ಮನೆ. ಪ್ರತಿ ಪ್ರವಾಸಕ್ಕೂ ಅವರು ಒಂದೊಂದು ನೋಟ್‌ಬುಕ್ ಇಟ್ಟಿದ್ದಾರೆ: ಎಡಪುಟದಲ್ಲಿ ಅಂದಾಜು, ಬಲಪುಟದಲ್ಲಿ ನಿಜವಾದ ಖರ್ಚು. ನಿವೃತ್ತಿಯ ಅನಂತರವೂ ಆ ಕ್ರಮ ತಪ್ಪಿಲ್ಲ. ಹಿರಿಯ ನಾಗರಿಕರಿಗೆ ರೈಲ್ವೆಯಲ್ಲಿದ್ದ ರಿಯಾಯಿತಿಯನ್ನು, ಅಂದರೆ ಪುರುಷರಿಗೆ ಶೇ. 40, ಮಹಿಳೆಯರಿಗೆ ಶೇ. 50, 2020ರ ಮಾರ್ಚಿನಲ್ಲಿ ಹಿಂತೆಗೆದುಕೊಂಡಾಗ ಅವರು ದೂರಲಿಲ್ಲ. ವರ್ಷಕ್ಕೆ ಎರಡಿದ್ದ ಪ್ರವಾಸವನ್ನು ಒಂದಕ್ಕೆ ಇಳಿಸಿದರು. "ಬ್ಯಾಂಕಿನವರು ರಜೆ ಹಾಕು ಅಂತ ಹೇಳದಿದ್ರೆ ನಾನೂ ಊರು ಬಿಟ್ಟು ಹೋಗ್ತಿರಲಿಲ್ಲ ಮಾರಾಯ್ರೆ" ಎನ್ನುತ್ತಾರೆ.

ಅವರ ಅಣ್ಣನದು ಸಂತೆಕಟ್ಟೆಯ ಕಡೆ ಹಾರ್ಡ್‌ವೇರ್ ಅಂಗಡಿ. ಒಳ್ಳೆಯ ವ್ಯಾಪಾರ, ಒಳ್ಳೆಯ ಹೆಸರು. ಮೂವತ್ತು ವರ್ಷಗಳಲ್ಲಿ ಅಂಗಡಿಯನ್ನು ಬಿಟ್ಟು ಎರಡು ರಾತ್ರಿ ಹೊರಗೆ ಕಳೆದವರಲ್ಲ. ಎರಡು ವರ್ಷಗಳ ಹಿಂದೆ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಆರು ವಾರಗಳ ವಿಶ್ರಾಂತಿ ಹೇಳಿದರು. ಕೀಲಿಕೈ ತಮ್ಮನ ಕೈಗೆ ಬಂತು.

ಮೊದಲ ವಾರವೇ ತೊಡಕುಗಳು ಕಾಣಿಸಿದವು. ಚಾಲ್ತಿ ಖಾತೆಯ ಚೆಕ್ಕಿಗೆ ಸಹಿ ಮಾಡುವ ಅಧಿಕಾರ ಅಣ್ಣನೊಬ್ಬರಿಗೇ ಇತ್ತು. ಗುತ್ತಿಗೆದಾರರ ಉದ್ರಿಯಲ್ಲಿ ಅರ್ಧಭಾಗ ಪುಸ್ತಕದಲ್ಲಿ, ಉಳಿದರ್ಧ ಅಣ್ಣನ ನೆನಪಿನಲ್ಲಿ. ದಿನಕ್ಕೆ 500 ರೂಪಾಯಿಯಂತೆ ಪಿಗ್ಮಿ ಕಟ್ಟುತ್ತಿದ್ದರು. ಅದೇ ಪಿಗ್ಮಿಯ ಆಧಾರದ ಮೇಲೆ, ಅದಕ್ಕೆ ದೊರೆಯುವ ಬಡ್ಡಿಗಿಂತ ಹೆಚ್ಚಿನ ಬಡ್ಡಿಗೆ ಸಾಲವನ್ನೂ ಪಡೆದಿದ್ದರು. ಉಳಿತಾಯವೆಂದು ಮನೆಯವರು ತಿಳಿದಿದ್ದುದು ವಾಸ್ತವದಲ್ಲಿ ಸಾಲದ ಇನ್ನೊಂದು ಮುಖವಾಗಿತ್ತು.

ತಮ್ಮ ಬ್ಯಾಂಕಿನ ಅಭ್ಯಾಸದಂತೆ ಗಲ್ಲಾಪೆಟ್ಟಿಗೆಯಿಂದ ಮನೆಗೆ ಹೋಗುವ ಪ್ರತಿ ರೂಪಾಯಿಯನ್ನೂ ಅವರು ಬರೆದಿಟ್ಟರು. ಹಾಲಿನ ಬಿಲ್ಲು, ಮೊಮ್ಮಗಳ ಮಣಿಪಾಲದ ಶುಲ್ಕದ ಕಂತು, ಮದುವೆಯ ಮುಯ್ಯಿ, ಗ್ಯಾಸು, ಎಲ್ಲವೂ. ಹಿಂದಿನ ಬ್ಯಾಂಕ್ ವಿವರಣೆಗಳನ್ನೂ ಸೇರಿಸಿ ನೋಡಿದಾಗ ಮನೆಯ ಖರ್ಚು ತಿಂಗಳಿಗೆ ಸರಾಸರಿ 58,000 ರೂಪಾಯಿ ಎಂದಾಯಿತು. ಅಂಗಡಿಯ ನಿವ್ವಳ ಲಾಭ ತಿಂಗಳಿಗೆ 41,000. ಉಳಿದ 17,000 ಎಲ್ಲಿಂದ ಬರುತ್ತಿತ್ತು? ಪೈಂಟು, ಪೈಪು ಕಂಪೆನಿಗಳ ವಿತರಕರಿಗೆ ಕೊಡಬೇಕಾದ ಬಾಕಿಯಿಂದ. ಮನೆಯನ್ನು ನಡೆಸುತ್ತಿದ್ದುದು ವ್ಯಾಪಾರವಲ್ಲ, ವಿತರಕರ ತಾಳ್ಮೆ.

ಇದು ಅಪರೂಪದ ಪ್ರಕರಣವೆಂದು ಓದುಗರು ಭಾವಿಸಬಾರದು. ಲೆಕ್ಕಪತ್ರ ಮುಗಿಸುವ ದಿನಗಳಲ್ಲಿ ನನ್ನ ಕಚೇರಿಯಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ: "ಮನೆ ಖರ್ಚಿಗೆ ಎಷ್ಟು ಹಾಕುವ ಸಾರ್?" ವ್ಯಾಪಾರಿಯು ತನ್ನ ಮನೆಗೆ ಎಷ್ಟು ಒಯ್ದನೆಂಬುದನ್ನು ವರ್ಷ ಕಳೆದ ಮೇಲೆ ಲೆಕ್ಕ ಪರಿಶೋಧಕನನ್ನು ಕೇಳುವುದು ಎಷ್ಟು ವಿಚಿತ್ರವೆಂದು ಕೇಳುವವರಿಗೂ ಅನಿಸುವುದಿಲ್ಲ, ಬರೆಯುವವರಿಗೂ ಅನಿಸುವುದಿಲ್ಲ. ಒಂದನೇ ತಾರೀಕಿನಂದು ತನ್ನ ಸಂಬಳವೆಂದು ನಿಗದಿತ ಮೊತ್ತವನ್ನು ಮನೆಯ ಖಾತೆಗೆ ವರ್ಗಾಯಿಸಿ, ಆ ತಿಂಗಳು ಗಲ್ಲಾಪೆಟ್ಟಿಗೆಗೆ ಕೈಹಾಕದಿರುವ ವರ್ತಕರು ನನ್ನ ಕಕ್ಷಿದಾರರಲ್ಲಿ ಬೆರಳೆಣಿಕೆಯಷ್ಟಿದ್ದಾರೆ. ಏಕಮಾಲಿಕತ್ವದಲ್ಲಿ ಈ ಸಂಬಳಕ್ಕೆ ತೆರಿಗೆಯ ಲಾಭವೇನೂ ಇಲ್ಲ, ನಿಜ. ಆದರೆ ತೆರಿಗೆ ಉಳಿಯದ ಕೆಲಸವೆಲ್ಲ ನಿಷ್ಪ್ರಯೋಜಕವೆಂಬ ನಂಬಿಕೆಯನ್ನು ನಮ್ಮ ವೃತ್ತಿಯವರೇ ಬೆಳೆಸಿದ್ದೇವೇನೋ ಎಂಬ ಸಂಶಯ ನನಗಿದೆ.

ಈಗ ಬ್ಯಾಂಕಿನ ಒತ್ತಾಯದ ಮಾತಿಗೆ ಬರೋಣ. ಸೂಕ್ಷ್ಮ ಹುದ್ದೆಗಳಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು 2021ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ನೌಕರನ ಮೇಲಿನ ಪ್ರೀತಿಯಿಂದ ಮಾಡಿದ ನಿಯಮ ಇದಲ್ಲ. ಒಬ್ಬನೇ ವ್ಯಕ್ತಿ ದಿನವೂ ಕುಳಿತು ಮುಚ್ಚಿಡುತ್ತಿರುವ ತಪ್ಪು ಅಥವಾ ವಂಚನೆ ಅವನು ಹತ್ತು ದಿನ ಇಲ್ಲದಾಗ ಹೊರಬರುತ್ತದೆ. ಅವನಿಲ್ಲದೆ ಕೆಲಸ ನಡೆಯುತ್ತದೆಯೇ ಎಂಬುದೂ ತಿಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ "ಒಂದು ದಿನವೂ ರಜೆ ಮಾಡದ ರೈಟರು" ಎಂದು ಹೊಗಳಿಸಿಕೊಳ್ಳುವವರ ಬಗ್ಗೆ ಲೆಕ್ಕ ಪರಿಶೋಧಕರಿಗೆ ಬೇರೆಯೇ ಭಾವನೆ ಇರುತ್ತದೆ. ಅವರೆಲ್ಲ ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಅವರ ಪ್ರಾಮಾಣಿಕತೆಯನ್ನು ಪರೀಕ್ಷಿಸುವ ಅವಕಾಶವೇ ಯಜಮಾನನಿಗೆ ಸಿಕ್ಕಿಲ್ಲ.

ಯಜಮಾನನಿಗೂ ಇದೇ ನಿಯಮ ಅನ್ವಯಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಣ್ಣ ಹತ್ತು ವರ್ಷಗಳ ಹಿಂದೆ ಪತ್ನಿಯೊಂದಿಗೆ ಹತ್ತು ದಿನ ಉತ್ತರ ಭಾರತಕ್ಕೆ ಹೋಗಿದ್ದರೆ, ಸಹಿಯ ಸಮಸ್ಯೆ, ಉದ್ರಿಯ ಸಮಸ್ಯೆ, ಮನೆಖರ್ಚಿನ ಸಮಸ್ಯೆ ಎಲ್ಲವೂ ಆಗಲೇ, ಆಸ್ಪತ್ರೆಯ ಆತಂಕವಿಲ್ಲದೆ, ತಿಳಿಯುತ್ತಿದ್ದವು. ಪ್ರವಾಸದ ಖರ್ಚು ವ್ಯಾಪಾರದ ಖರ್ಚಲ್ಲ, ಅದನ್ನು ಲಾಭ-ನಷ್ಟದ ಖಾತೆಗೆ ಬರೆಯಬೇಡಿ. ಆದರೆ ಯಾವ ಆಡಿಟಿಗಿಂತಲೂ ಅಗ್ಗದ ಪರೀಕ್ಷೆ ಅದು.

ಆಕ್ಷೇಪ ಬರುವುದು ಗೊತ್ತಿದೆ. ಸಂಬಳದಾರನ ರಜೆಗೂ ಸಂಬಳ ಉಂಟು. ನಾವು ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ, ಮರಳಿ ಬರುತ್ತಾನೆಂಬ ಭರವಸೆಯಿಲ್ಲ. ಈ ಮಾತಿನಲ್ಲಿ ತಥ್ಯವಿದೆ. ಒಬ್ಬನೇ ನಡೆಸುವ ಸಣ್ಣ ಅಂಗಡಿಗೆ ಹತ್ತು ದಿನ ದೊಡ್ಡದು. ಅಂಥವರು ನಾಲ್ಕು ದಿನಗಳಿಂದ ಆರಂಭಿಸಲಿ. ಆದರೆ ಮಲ್ಪೆಯನ್ನು ನೋಡಿರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಂಜುಗಡ್ಡೆಯ ಘಟಕ, ಬಲೆಯ ಅಂಗಡಿ, ಬೋಟಿನ ಬಿಡಿಭಾಗದ ವ್ಯಾಪಾರ ಎಲ್ಲವೂ ಆಗ ಮಂದ. ಆ ದಿನಗಳಲ್ಲಿಯೂ ಯಜಮಾನರು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಮಳೆ ನೋಡುತ್ತಿರುತ್ತಾರೆ. ಘಟ್ಟದ ಆಚೆ ಬಾದಾಮಿ, ಹಂಪಿಗಳಲ್ಲಿ ಆಗ ಬಿಸಿಲೂ ಕಡಿಮೆ, ಮಳೆಯೂ ನಮ್ಮಷ್ಟಿಲ್ಲ.

ನಿವೃತ್ತರ ಹಣದ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಬ್ಯಾಂಕ್ ನೌಕರರಿಗೆ ಅನ್ವಯಿಸುವ ರಜೆ ನಗದೀಕರಣದ ತೆರಿಗೆ ವಿನಾಯಿತಿಯ ಮಿತಿಯು 2023ರಲ್ಲಿ 3 ಲಕ್ಷದಿಂದ 25 ಲಕ್ಷಕ್ಕೇರಿತು. ಗ್ರಾಚ್ಯುಟಿ, ಭವಿಷ್ಯನಿಧಿ, ಪರಿವರ್ತಿತ ಪಿಂಚಣಿ ಸೇರಿದರೆ ಒಂದೇ ತಿಂಗಳಲ್ಲಿ ದೊಡ್ಡ ಮೊತ್ತ ಕೈಗೆ ಬರುತ್ತದೆ. ಬಂಧುಗಳ ವ್ಯಾಪಾರಕ್ಕೆ ಬಂಡವಾಳದ ಅಗತ್ಯವೂ ಅದೇ ತಿಂಗಳು ನೆನಪಾಗುತ್ತದೆ. ಹೂಡೆಯ ನಮ್ಮ ನಿವೃತ್ತರನ್ನೂ ಅಣ್ಣ 12 ಲಕ್ಷ ಕೇಳಿದ್ದರು. ಅವರು ಕೊಟ್ಟದ್ದು 5 ಲಕ್ಷ: ಚೆಕ್ಕಿನ ಮೂಲಕ, ಬರಹದ ಕರಾರಿನೊಂದಿಗೆ, ಮೂರು ತಿಂಗಳಿಗೊಮ್ಮೆ ಬಡ್ಡಿಯ ನಿಬಂಧನೆಯೊಂದಿಗೆ. ಉಳಿದುದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರು. ಅದರ ಮಿತಿಯು 2023ರ ಏಪ್ರಿಲ್‌ನಿಂದ 15 ಲಕ್ಷದ ಬದಲು 30 ಲಕ್ಷವಾಗಿದೆ. ಒಡಹುಟ್ಟಿದವನೊಂದಿಗೆ ಕರಾರು ಪತ್ರವೇ ಎಂದು ಆಗ ಮನೆಯಲ್ಲಿ ಅಸಮಾಧಾನವಾಯಿತು. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಚಿಕಿತ್ಸೆಯ ವಿಮೆ ಸಾಲದೆ ಹೋದುದಕ್ಕೆ ಹಣ ಬಂದುದು ಆ ಕೊಡದೆ ಉಳಿಸಿದ ಏಳು ಲಕ್ಷದಿಂದಲೇ.

ಬಂಧುಗಳಿಂದ ಸಾಲ ಪಡೆಯುವ ವರ್ತಕರು ಎರಡು ಸಂಗತಿಗಳನ್ನು ಮರೆಯಬಾರದು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗಬೇಕಾದೀತು, ತಮ್ಮನಾದರೇನು, ಭಾವನಾದರೇನು. ಎರಡನೆಯದಾಗಿ, ನಿವೃತ್ತನ ಹಣಕ್ಕೆ ಬಡ್ಡಿ ತಪ್ಪಿದ ತಿಂಗಳು ಅವನ ಮನೆಯ ಔಷಧದ ಖರ್ಚು ತಪ್ಪುತ್ತದೆ. ಬ್ಯಾಂಕ್ ನಿವೃತ್ತರ ಮೂಲ ಪಿಂಚಣಿಯು ನೌಕರರ ವೇತನ ಒಪ್ಪಂದಗಳೊಂದಿಗೆ ಏರುತ್ತ ಬಂದಿಲ್ಲ. ತುಟ್ಟಿಭತ್ಯೆ ಮಾತ್ರ ಬದಲಾಗುತ್ತದೆ. ಬೇಗ ನಿವೃತ್ತರಾದವರ ಪಿಂಚಣಿ ನಮ್ಮಲ್ಲಿ ಅನೇಕರು ಊಹಿಸುವುದಕ್ಕಿಂತ ಬಹಳ ಕಡಿಮೆ.

ಕೊನೆಯದಾಗಿ, ನಮ್ಮಲ್ಲಿಗೆ ಬರುವ ಪ್ರವಾಸಿಗರ ಕುರಿತು ಒಂದು ಮಾತು. ಇಲ್ಲಿನ ನಿವೃತ್ತರು ಅಮೃತಸರಕ್ಕೆ ಹೋಗುವಂತೆ ಅಲ್ಲಿನವರೂ ಇಲ್ಲಿಗೆ ಬರುತ್ತಾರೆ. ಕೃಷ್ಣಮಠ, 1432ರಲ್ಲಿ ಸ್ಥಾಪನೆಯಾದ ಕಾರ್ಕಳದ ಗೊಮ್ಮಟ, ಕಾಪುವಿನ ದೀಪಸ್ತಂಭ, 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿಯ ಕಡಲತೀರ, ಹೂಡೆ ಬೆಂಗ್ರೆಯ ಅಳಿವೆ, ಎಲ್ಲವೂ ಮೂರು ದಿನಗಳಲ್ಲಿ ನೋಡಬಹುದಾದವು. ಪ್ರವಾಸೋದ್ಯಮವೆಂದರೆ ನಮ್ಮ ಸಭೆಗಳಲ್ಲಿ ಪಂಚತಾರಾ ರೆಸಾರ್ಟು, ವಿಮಾನ ನಿಲ್ದಾಣಗಳ ಚರ್ಚೆಯೇ ಹೆಚ್ಚು. ಅರವತ್ತೈದು ದಾಟಿದ ದಂಪತಿಗೆ ಬೇಕಾದುದು ನೆಲಮಹಡಿಯ ಕೋಣೆ, ಶುಚಿಯಾದ ಶೌಚಾಲಯ, ಮೀಟರಿನಂತೆ ಬರುವ ರಿಕ್ಷಾ, ಕೇಳದೆಯೇ ಕೊಡುವ ಬಿಲ್ಲು. ಹೂಡೆಯ ನಮ್ಮ ಮಿತ್ರರು ಹೊರರಾಜ್ಯಗಳಲ್ಲಿ ಉಳಿದ ಲಾಡ್ಜುಗಳ ಕುರಿತು ನೋಟ್‌ಬುಕ್ಕಿನಲ್ಲಿ ಬರೆದಿರುವ ಷರಾಗಳೂ ಈ ನಾಲ್ಕರ ಬಗ್ಗೆಯೇ ಇವೆ. ದೃಶ್ಯಸೌಂದರ್ಯದ ಬಗ್ಗೆ ಒಂದು ಸಾಲೂ ಇಲ್ಲ.

ಹೋಂಸ್ಟೇ ನಡೆಸುವ ಸದಸ್ಯರಿಗಾಗಿ: ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಯ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ, ಹೂಡುವಳಿ ತೆರಿಗೆಯ ಜಮೆ ಇಲ್ಲದೆ. ಹಾಗಾಗಿ ಹಾಸಿಗೆ, ಏಸಿ, ಪೀಠೋಪಕರಣ ಖರೀದಿಸುವಾಗ ತೆತ್ತ ತೆರಿಗೆಯನ್ನು ಪೂರ್ಣವಾಗಿ ನಿಮ್ಮ ವೆಚ್ಚವೆಂದೇ ಎಣಿಸಿ ಬಾಡಿಗೆ ನಿಗದಿಪಡಿಸಬೇಕು. ಹಳೆಯ ದರಪಟ್ಟಿಯಲ್ಲಿ ಶೇ. 12 ಸೇರಿಸಿಯೇ ಮುದ್ರಿಸಿದ್ದವರು ಈಗಲೂ ಅದನ್ನೇ ತೂಗುಹಾಕಿದ್ದರೆ ತೆಗೆದುಹಾಕಿರಿ. ಗ್ರಾಹಕನಿಂದ ಹೆಚ್ಚಾಗಿ ವಸೂಲು ಮಾಡಿದ ತೆರಿಗೆಯನ್ನು ಇಲಾಖೆಗೆ ಕಟ್ಟಲೇಬೇಕಾಗುತ್ತದೆ.