ದಾದಿಯರ ಕೌಶಲ ಪರೀಕ್ಷೆ: ಮಳೆಗಾಲಕ್ಕೆ ಮುನ್ನ ಕೊಟ್ಟ ಮಾತು ಏನಾಯಿತು?

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತ ಹಿರಿಯ ಅಧಿಕಾರಿಗೆ ಬಹಿರಂಗ ಪತ್ರ



ತುರ್ತು ಚಿಕಿತ್ಸಾ ವಿಭಾಗದ ದಾದಿಯ ಸಾಮರ್ಥ್ಯ ತಿಳಿಯುವುದು ರೋಗಿಯ ಮಂಚದ ಬಳಿ. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತಬೇಕು. ಅಭ್ಯಾಸ ತಪ್ಪಿದರೆ ಈ ಕೌಶಲ ಕೆಲವೇ ತಿಂಗಳಲ್ಲಿ ಕುಂದುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ ಮಾತ್ರ ಗಂಟೆಗಳದ್ದು: 5 ವರ್ಷಕ್ಕೆ 150 ಗಂಟೆ ಮುಂದುವರಿದ ಶಿಕ್ಷಣ.

ಬೆಳ್ತಂಗಡಿಯ ಅಡಿಕೆ ತೋಟದಿಂದ ಹಾವು ಕಚ್ಚಿದವರು ಬಂದರೆ ಮಾಡುವ ರಕ್ತ ಪರೀಕ್ಷೆ ಬಲು ಸರಳ. ಶುಭ್ರವಾದ, ಒಣಗಿದ ಗಾಜಿನ ನಳಿಗೆಯಲ್ಲಿ 2 ಮಿಲಿಲೀಟರ್ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ಹೆಪ್ಪುಗಟ್ಟಿದೆಯೇ ಎಂದು ನೋಡುವುದು. ನಳಿಗೆ ಪ್ಲಾಸ್ಟಿಕ್ಕಿನದ್ದಾದರೆ, ಸೋಪುಪುಡಿ ಹಾಕಿ ತೊಳೆದದ್ದಾದರೆ ಫಲಿತಾಂಶ ತಪ್ಪುತ್ತದೆ. ವಿಷನಿರೋಧಕ ಹನಿ ಶುರುವಾದ ಮೇಲೆ ತುರಿಕೆ, ಉಬ್ಬಸ, ರಕ್ತದೊತ್ತಡದ ಕುಸಿತ ಮೊದಲು ಕಣ್ಣಿಗೆ ಬೀಳಬೇಕಾದದ್ದು ಪಕ್ಕದಲ್ಲಿ ನಿಂತ ದಾದಿಗೆ. ಅಡ್ರಿನಲಿನ್ ಸಿರಿಂಜು ಅಷ್ಟರಲ್ಲಿ ಸಿದ್ಧವಿರಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯವೆಂದಿತು. ಒಳ್ಳೆಯದೇ. ನಳಿಗೆ ಹಿಡಿಯುವ ಕೈಯನ್ನು ಪರೀಕ್ಷಿಸುವುದೂ ಅಷ್ಟೇ ಕಡ್ಡಾಯವಾಗಬೇಕಿತ್ತು.

ಬಂಟ್ವಾಳಕ್ಕೆ ರಾಷ್ಟ್ರೀಯ ಹೆದ್ದಾರಿ 75ರ ಅಪಘಾತಗಳು, ಮೂಡುಬಿದಿರೆಗೆ 169ರವು. ಗಾಯಾಳುಗಳು ಒಟ್ಟಿಗೆ ಬಂದಾಗ ಯಾರನ್ನು ಮೊದಲು ನೋಡಬೇಕು, ಯಾರನ್ನು ತಡಮಾಡದೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕಳಿಸಬೇಕು ಎಂಬ ತೀರ್ಮಾನಕ್ಕೂ ಅಭ್ಯಾಸ ಬೇಕು.

ಮಳೆಗಾಲಕ್ಕೆ ಮುನ್ನ ಈ ಮೂರೂ ತಾಲೂಕುಗಳಲ್ಲಿ, ವಾರ್ಡಿನಲ್ಲೇ, ಕೌಶಲ ಪರೀಕ್ಷೆ ನಡೆಸುವುದಾಗಿ ಮಾತು ಕೊಡಲಾಗಿತ್ತು. ಮನವಿಗಳಿಗೆ ಸಿಕ್ಕ ಉತ್ತರ ‘ಪರಿಶೀಲನೆಯಲ್ಲಿದೆ’. ಕೊನೆಗೆ ನಡೆದದ್ದು ಒಂದು ದಿನದ ಉಪನ್ಯಾಸ, ಗ್ರೂಪ್ ಫೋಟೋ, ಪ್ರಮಾಣಪತ್ರ ವಿತರಣೆ. ರಾತ್ರಿ ಪಾಳಿಯವರಿಗೆ ಅದೂ ಇಲ್ಲ. ಗುತ್ತಿಗೆಯ ದಾದಿಯರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ರೋಗಿಯ ಕಡೆಯವರು ಕೂಗಾಡಿದಾಗ ಮಾತ್ರ ನೋಟಿಸು ಪಾಳಿಯಲ್ಲಿದ್ದ ದಾದಿಯ ಹೆಸರಿಗೇ ಬರುತ್ತದೆ.

ಪರೀಕ್ಷೆ ಶಿಕ್ಷೆಯಾದರೆ ತಪ್ಪುಗಳು ಅಡಗುತ್ತವೆ. ಆದ್ದರಿಂದ ಅದು 6 ತಿಂಗಳಿಗೊಮ್ಮೆ, ಪಾಳಿಯ ಹೊತ್ತಿನಲ್ಲೇ, ಬೊಂಬೆ ಮತ್ತು ಗಡಿಯಾರ ಇಟ್ಟುಕೊಂಡು ನಡೆಯಬೇಕು. ಎಡವಿದವರಿಗೆ ಅಲ್ಲೇ ಕಲಿಸಬೇಕು. ತುರ್ತು ವಿಭಾಗದಲ್ಲಿ ಪಳಗಿದವರನ್ನು ತಿಂಗಳು ತುಂಬುವ ಮೊದಲೇ ಬೇರೆ ವಾರ್ಡಿಗೆ ಎತ್ತಿಹಾಕುವುದು, ಖಾಲಿ ಹುದ್ದೆಗಳನ್ನು ಗುತ್ತಿಗೆಯಲ್ಲೇ ತಳ್ಳುತ್ತ ಹೋಗುವುದು ನಿಲ್ಲಬೇಕು. ಕೊಟ್ಟ ಮಾತಿನ ಪರೀಕ್ಷೆಗೆ ಈಗ ಬೇಕಾದದ್ದು ದಿನಾಂಕ. ಅದನ್ನು ಮೂರೂ ಊರುಗಳ ಆಸ್ಪತ್ರೆಗಳ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.